ಲೊಸಾನ್‌ನ 21 ದಿನ: ಕ್ರೀಡಾ ವ್ಯಾಜ್ಯದ ವಕೀಲರು ಕಲಿಯಬೇಕಾದ್ದು

ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯದ (ಸಿಎಎಸ್) ಮುಂದೆ ವಾದಿಸಲು ತರಬೇತಿಗೆ ಬರುವವರು ಹೆಚ್ಚಾಗಿ ಕಾನೂನು ಬಲ್ಲವರೇ. ಅವರಿಗೆ ಗೊತ್ತಿಲ್ಲದ್ದು ಈ ಪಂಚಾಯ್ತಿ ಕಟ್ಟೆಯ ರೀತಿ ರಿವಾಜು. ಅವುಗಳಲ್ಲಿ ಹಲವು ಯಾವುದೋ ಪ್ರಕರಣದಲ್ಲಿ ಪೆಟ್ಟು ತಿಂದ ಮೇಲೆ ರೂಪುಗೊಂಡವು.

1984ರಲ್ಲಿ ಇದು ಶುರುವಾದಾಗ ಖರ್ಚು ಕೊಡುತ್ತಿದ್ದುದೂ, ನಿಯಮ ತಿದ್ದುವ ಅಧಿಕಾರವಿದ್ದುದೂ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ. ಜರ್ಮನಿಯ ಸವಾರ ಎಲ್ಮಾರ್ ಗುಂಡೆಲ್ ತಮ್ಮ ಕುದುರೆಯ ಮದ್ದು ಪರೀಕ್ಷೆಯ ಪ್ರಕರಣವನ್ನು ಸ್ವಿಸ್ ಫೆಡರಲ್ ಕೋರ್ಟಿಗೆ ಒಯ್ದರು. 1993ರ ತೀರ್ಪು ಸಿಎಎಸ್ಸನ್ನು ಮಾನ್ಯ ಮಾಡಿತಾದರೂ, ಒಲಿಂಪಿಕ್ ಸಮಿತಿಯೇ ಕಕ್ಷಿದಾರನಾದರೆ ಈ ನಂಟು ತೊಡಕಾದೀತು ಎಂದು ಕುಟುಕಿತು. ಮರುವರ್ಷವೇ ಎರಡರ ನಡುವೆ, ಸಿಎಎಸ್ಸನ್ನು ನಡೆಸಲು, ಐಕಾಸ್ ಎಂಬ ಪ್ರತ್ಯೇಕ ಮಂಡಳಿ ಬಂತು. ಈಗ ತೀರ್ಪು ಕೊಡುವ ಮಧ್ಯಸ್ಥಗಾರರ ಪಟ್ಟಿಗೆ ಸೇರಬೇಕಾದರೆ ಕಾನೂನು ಶಿಕ್ಷಣ, ಕ್ರೀಡಾ ಕಾನೂನು ಅಥವಾ ಮಧ್ಯಸ್ಥಿಕೆಯಲ್ಲಿ ಪಳಗಿದ ಕೈ, ಆಟದ ಪರಿಚಯ, ಜೊತೆಗೆ ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್‌ಗಳಲ್ಲಿ ಒಂದಾದರೂ ಚೆನ್ನಾಗಿ ಬರಬೇಕು. ಪಟ್ಟಿಯಲ್ಲಿದ್ದವರು ಅದೇ ಕಟ್ಟೆಯಲ್ಲಿ ವಕೀಲಿ ಮಾಡುವಂತಿಲ್ಲ.

ಇನ್ನು ಕಡತದ ಕೆಲಸ. ಶಿಕ್ಷೆ ಕೊಟ್ಟ ಕ್ರೀಡಾ ಫೆಡರೇಷನ್ನಿನ ನಿಯಮದಲ್ಲಿ ಬೇರೆ ಗಡುವು ಇಲ್ಲದಿದ್ದರೆ ಅದರ ಆದೇಶ ಕೈಸೇರಿದ ಮಾರನೆಯ ದಿನದಿಂದ 21 ದಿನ. ಅಷ್ಟರೊಳಗೆ ಮೇಲ್ಮನವಿ, ಆದೇಶದ ಪ್ರತಿ, ಸಿಎಎಸ್‌ಗೆ ಅಧಿಕಾರ ಕೊಡುವ ನಿಯಮದ ಪ್ರತಿ, ತಮ್ಮ ಮಧ್ಯಸ್ಥಗಾರರ ಹೆಸರು, 1,000 ಸ್ವಿಸ್ ಫ್ರಾಂಕ್ ಶುಲ್ಕ ಎಲ್ಲವೂ ಹೋಗಬೇಕು. ವಿವರವಾದ ವಾದಪತ್ರಕ್ಕೆ ಇನ್ನು 10 ದಿನ. ಹೊಸಬರು ಮುಗ್ಗರಿಸುವುದು ಎರಡು ಕಡೆ. ಇಮೇಲ್ ಕಳಿಸಿ ಕೈತೊಳೆದುಕೊಳ್ಳುವುದು ಒಂದು: ಮುಂದಿನ ಕೆಲಸದ ದಿನದೊಳಗೆ ಕೊರಿಯರ್ ಅಥವಾ ಇ-ಫೈಲಿಂಗ್ ಆಗದಿದ್ದರೆ ಆ ಇಮೇಲ್ ಲೆಕ್ಕಕ್ಕಿಲ್ಲ. ಎದುರುದಾರರನ್ನು ತಪ್ಪಾಗಿ ಹೆಸರಿಸುವುದು ಇನ್ನೊಂದು, ಇದು ಹೆಚ್ಚು ಅಪಾಯದ್ದು. ಶಿಕ್ಷೆ ಕೊಟ್ಟದ್ದು ಅಂತರರಾಷ್ಟ್ರೀಯ ಫೆಡರೇಷನ್, ಮನವಿಯಲ್ಲಿರುವುದು ರಾಷ್ಟ್ರೀಯ ಫೆಡರೇಷನ್ ಮಾತ್ರ ಎಂದಾದರೆ, ಗಡುವು ದಾಟಿದ ಮೇಲೆ ಹೆಸರು ಸೇರಿಸಲು ಬರುವುದಿಲ್ಲ. ವಾದ ಎಷ್ಟೇ ಗಟ್ಟಿಯಿರಲಿ, ಮನವಿ ಅಲ್ಲೇ ಬಿತ್ತು.

ವಿಚಾರಣೆ ಇಲ್ಲಿ ಮೊದಲಿಂದ ನಡೆಯುತ್ತದೆ, ಕೆಳಗಿನ ಆದೇಶದ ತಪ್ಪು ಹುಡುಕುವುದಷ್ಟೇ ಅಲ್ಲ. ಅದರ ಬಿಸಿ ಕರ್ನಾಟಕಕ್ಕೂ ತಟ್ಟಿದೆ. 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಮತ್ತು ಸಹ ಓಟಗಾರ್ತಿಯರಿಗೆ ಉದ್ದೀಪನ ಮದ್ದು ಪ್ರಕರಣದಲ್ಲಿ ಭಾರತದಲ್ಲಿ ಸಿಕ್ಕಿದ್ದು ಒಂದು ವರ್ಷದ ನಿಷೇಧ. ಕೋಚ್ ಕೊಟ್ಟ ಜಿನ್ಸೆಂಗ್ ಪೂರಕದಿಂದ ಹೀಗಾಯಿತೆಂಬುದು ಅವರ ವಾದ. ಲೊಸಾನ್‌ಗೆ ಹೋದದ್ದು ಎದುರು ಪಕ್ಷವಾದ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಷನ್. 2012ರಲ್ಲಿ ನಿಷೇಧ ಎರಡು ವರ್ಷಕ್ಕೇರಿತು. ಊರಲ್ಲಿ ಸಿಕ್ಕ ರಿಯಾಯಿತಿ ನಂಬಿ ಕೂರಬಾರದು ಎಂದು ಹೇಳಿಕೊಡಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಮಧ್ಯಸ್ಥಗಾರರಿಗೂ ಪಾಠ ತಪ್ಪಿದ್ದಲ್ಲ. ಚೀನಾದ ಈಜುಗಾರ ಸುನ್ ಯಾಂಗ್ ಅವರ ಮದ್ದು ಪರೀಕ್ಷೆಯ ಪ್ರಕರಣದ ಬಹಿರಂಗ ವಿಚಾರಣೆ 2019ರ ನವೆಂಬರ್‌ನಲ್ಲಿ ಮಾಂಟ್ರೊದಲ್ಲಿ ನಡೆದಾಗ ದುಭಾಷಿಯ ಅನುವಾದ ಪದೇಪದೇ ಎಡವಿತು. ದುಭಾಷಿಯ ಹೊಣೆ ದುಭಾಷಿ ಬೇಕೆಂದ ಕಕ್ಷಿದಾರನದೇ ಆದ್ದರಿಂದ ಮುಂಚೆಯೇ ಪರೀಕ್ಷಿಸಿಕೊಳ್ಳುವುದು ವಕೀಲರ ಕೆಲಸ. ಎಂಟು ವರ್ಷದ ನಿಷೇಧವೂ ಬಿತ್ತು. ಆಮೇಲೆ ಪೀಠದ ಅಧ್ಯಕ್ಷ ಫ್ರಾಂಕೊ ಫ್ರಟ್ಟಿನಿ ಹಿಂದೆ ಮಾಡಿದ್ದ ಟ್ವೀಟ್‌ಗಳು ಹೊರಬಂದವು: ನಾಯಿ ಮಾಂಸದ ಹಬ್ಬವನ್ನು ಖಂಡಿಸುವ ಭರದಲ್ಲಿ ಚೀನೀಯರ ಬಗ್ಗೆ ಆಡಿದ ಮಾತುಗಳು. 2020ರ ಡಿಸೆಂಬರ್‌ನಲ್ಲಿ ಸ್ವಿಸ್ ಕೋರ್ಟ್ ತೀರ್ಪನ್ನು ರದ್ದುಮಾಡಿತು. ಹೊಸ ಪೀಠ ಕೊಟ್ಟದ್ದು ನಾಲ್ಕು ವರ್ಷ ಮೂರು ತಿಂಗಳು. ಮಧ್ಯಸ್ಥಗಾರರ ಮೇಲೆ ಆಕ್ಷೇಪಣೆಗೆ, ಕಾರಣ ತಿಳಿದ ಮೇಲೆ, ಇರುವುದು ಏಳೇ ದಿನ. ಹಾಗಾಗಿ ಹೆಸರು ಬಂದ ಕೂಡಲೇ ಅವರ ಹಳೆಯ ಬರಹ ಜಾಲಾಡಬೇಕು.

ಒಲಿಂಪಿಕ್ಸ್ ವೇಳೆ ಲೆಕ್ಕವೇ ಬೇರೆ. 1996ರ ಅಟ್ಲಾಂಟಾದಿಂದ ತಾತ್ಕಾಲಿಕ ವಿಭಾಗ ಕೂರುತ್ತಿದೆ. ಅಲ್ಲಿ ಶುಲ್ಕವಿಲ್ಲ, ತೀರ್ಪಿಗೆ 24 ಗಂಟೆ ಗುರಿ, ಬೇಕಿದ್ದರೆ ವಿಸ್ತರಣೆ. ಪ್ಯಾರಿಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಾಟ್ 100 ಗ್ರಾಂ ಹೆಚ್ಚು ತೂಗಿದ ಪ್ರಕರಣ 2024ರ ಆಗಸ್ಟ್ 14ರವರೆಗೂ ಎಳೆಯಿತು. ಜಂಟಿ ಬೆಳ್ಳಿಯ ಕೋರಿಕೆ ಬಿದ್ದುಹೋಯಿತು. ಮಧ್ಯಸ್ಥಗಾರ್ತಿ ವಿನೇಶ್ ಅವರಲ್ಲಿ ದುರುದ್ದೇಶ ಕಾಣಲಿಲ್ಲ, ಕುಸ್ತಿಯ ನಿಯಮದಲ್ಲಿ ವಿನಾಯಿತಿಗೆ ಜಾಗವನ್ನೂ ಕಾಣಲಿಲ್ಲ. ಕೇಳುವ ಪರಿಹಾರ ಕೊಡುವವರ ಕೈಯಲ್ಲಿದೆಯೇ ಎಂದು ಕಡತ ಬರೆಯುವ ಮುನ್ನವೇ ನೋಡಿಕೊಳ್ಳಬೇಕು.

ಭಾರತದಲ್ಲಿ 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಹೊಸ ಕ್ರೀಡಾ ನ್ಯಾಯಮಂಡಳಿಗೆ ದಾರಿ ಮಾಡಿದೆ. ಅದರ ಮೇಲ್ಮನವಿ ಸುಪ್ರೀಂ ಕೋರ್ಟಿಗೆ. ಅಂತರರಾಷ್ಟ್ರೀಯ ನಿಯಮ ಸಿಎಎಸ್ ಎಂದಿದ್ದರೆ ಮಾತ್ರ ಲೊಸಾನ್‌ಗೇ. ಆಗ ಕೊನೆಯ ದಿನದ ಮಧ್ಯರಾತ್ರಿ ಎಣಿಸುವುದು ಸ್ವಿಸ್ ಗಡಿಯಾರದಲ್ಲಲ್ಲ. ವಕೀಲರ ಕಚೇರಿ ಬೆಂಗಳೂರಲ್ಲಿದ್ದರೆ ಬೆಂಗಳೂರಿನ ಹನ್ನೆರಡು ಗಂಟೆ.