ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಗರ್ಭಿಣಿಯ ತಪಾಸಣೆ

ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕೊಡಗಿನಲ್ಲಿ ಕಾಫಿ ಕೊಯ್ಲು ಬಿರುಸಾದಾಗ ನಮ್ಮ ಹೆರಿಗೆ ವಿಭಾಗದ ಬೆಂಚುಗಳು ಅರ್ಧ ಖಾಲಿಯಾಗುತ್ತವೆ. ಗರ್ಭಿಣಿಯರ ಸಂಖ್ಯೆಯೇನೂ ಆಗ ಇಳಿದಿರುವುದಿಲ್ಲ. ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ಯುವ ಹೆಣ್ಣುಮಗಳಿಗೆ ಆಸ್ಪತ್ರೆಗೆ ಬಂದ ದಿನವೆಂದರೆ ಕೂಲಿ ತಪ್ಪಿದ ದಿನ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ವಾಹನ ಎಲ್ಲವನ್ನೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದಲೇ ಉಚಿತಗೊಳಿಸಿದೆ. ಪ್ರತಿ ತಿಂಗಳ 9ರಂದು ವೈದ್ಯರಿಂದ ವಿಶೇಷ ತಪಾಸಣೆ 2016ರಿಂದ ನಡೆಯುತ್ತಿದೆ. ಆದರೆ ಆ 9ನೇ ತಾರೀಖಿನ ಕೂಲಿಯನ್ನು ತುಂಬಿಕೊಡುವವರು ಯಾರು ಎಂಬ ಪ್ರಶ್ನೆ ತೋಟದ ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಯಲ್ಲಿ ಹಾಗೆಯೇ ಉಳಿದಿದೆ.

ಒಂದು ಫೆಬ್ರವರಿಯಲ್ಲಿ ಪೊನ್ನಂಪೇಟೆ ಕಡೆಯ ತೋಟವೊಂದರಿಂದ ತುಂಬು ಗರ್ಭಿಣಿಯೊಬ್ಬಳು ಬಂದಳು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೋಪಾನ ಮಾಡಿದ್ದ ತಾಯಿ ಕಾರ್ಡಿನಲ್ಲಿ ಮೂರು ತಿಂಗಳ ಪುಟ ಖಾಲಿಯಿತ್ತು. ಗರ್ಭಿಣಿಯಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುವ ಹಿಮೋಗ್ಲೋಬಿನ್ ಅವಳಲ್ಲಿ 6.8 ಇತ್ತು. ಮಾತ್ರೆ ಹೇಗೆ ತಗೊಳ್ತೀಯಮ್ಮ ಎಂದು ಕೇಳಿದೆ. "ಬೆಳಿಗ್ಗೆ ಬೆಲ್ಲದ ಕಾಫಿ ಜೊತೆ, ಒಂದು ದಿನವೂ ಬಿಟ್ಟಿಲ್ಲ ಡಾಕ್ಟ್ರೇ" ಎಂದಳು. ಕಾಫಿ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ತಡೆಯುತ್ತದೆಂಬ ಮಾತನ್ನು, ಕಾಫಿಯ ನಾಡಿನಲ್ಲಿ ಕುಳಿತ ನಾವೇ ಅವಳಿಗೆ ಹೇಳಿರಲಿಲ್ಲ. ಹೆರಿಗೆ ಹತ್ತಿರವಿದ್ದುದರಿಂದ ರಕ್ತ ಕೊಡಬೇಕಾಯಿತು. ಬುಡಕಟ್ಟು ಜನರ ಹಾಡಿಗಳಿಂದ ಬರುವ ಗರ್ಭಿಣಿಯರಲ್ಲಿ ಇಷ್ಟು ರಕ್ತಹೀನತೆ ಕಂಡರೆ, ವಂಶದಿಂದ ಬರುವ ರಕ್ತದ ಕಾಯಿಲೆಯಾದ ಸಿಕಲ್ ಸೆಲ್‌ನ ಪರೀಕ್ಷೆಯನ್ನೂ ಮಾಡಿಸಬೇಕು. ಬರೀ ಕಬ್ಬಿಣದ ಮಾತ್ರೆಯಿಂದ ಅದು ಸರಿಹೋಗುವುದಿಲ್ಲ.

ನಾನು ಕಂಡಂತೆ ನಿಜವಾಗಿ ನೆರವಾದದ್ದು ಬಹಳ ಸಣ್ಣ ಸಂಗತಿ. ತಪಾಸಣೆಯ ದಿನಕ್ಕೂ ತೋಟದ ಲೆಕ್ಕ ಬರೆಯುವ ರೈಟರ್ ಪೂರ್ತಿ ಹಾಜರಿ ಹಾಕುವ ತೋಟದಿಂದ ಗರ್ಭಿಣಿಯರು ತಪ್ಪದೆ ಬರುತ್ತಾರೆ. ಆಶಾ ಕಾರ್ಯಕರ್ತೆಯರು ಕೂಲಿ ಬಟವಾಡೆಯ ಸಂಜೆ ಲೈನ್ ಮನೆಗೆ ಹೋದರೆ ಗಂಡ, ಅತ್ತೆ ಎಲ್ಲರೂ ಸಿಗುತ್ತಾರೆ. ಅಸ್ಸಾಮಿನಿಂದ ಬಂದ ಕುಟುಂಬಗಳಿಗೆ ತಾಯಿ ಕಾರ್ಡ್ ಮಾಡಿಸಲೂ ಅದೇ ಸರಿಯಾದ ಹೊತ್ತು.

ಮಳೆಗಾಲದ ಕಷ್ಟ ಬೇರೆಯೇ. ಹೆರಿಗೆಯ ನಂತರದ ತೀವ್ರ ರಕ್ತಸ್ರಾವ ಎರಡು ಗಂಟೆಯೊಳಗೆ ಜೀವ ತೆಗೆಯಬಲ್ಲದು. ಮರ ಬಿದ್ದ ರಸ್ತೆಯಲ್ಲಿ, ಆನೆ ಓಡಾಡುವ ರಾತ್ರಿಯಲ್ಲಿ, ನೆಟ್‌ವರ್ಕ್ ಸಿಗದ ಕಡೆಯಿಂದ 108ಕ್ಕೆ ಕರೆ ಹೋಗುವಷ್ಟರಲ್ಲೇ ಆ ಹೊತ್ತು ಮುಗಿದಿರುತ್ತದೆ. ಆದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ದಿನ ತುಂಬುವವರ ಕಾರ್ಡಿನ ಮೇಲೆ, ವಾರ ಮೊದಲೇ ಬಂದು ದಾಖಲಾಗಬೇಕಾದ ತಾರೀಖನ್ನೂ ಅವರನ್ನು ಕರೆತರುವ ಜೀಪಿನವರ ಫೋನ್ ನಂಬರನ್ನೂ ಮೇ ತಿಂಗಳಲ್ಲೇ ಕೆಂಪು ಶಾಯಿಯಲ್ಲಿ ಬರೆದುಕೊಡುತ್ತೇನೆ.