ಯಹೂದಿಗಳಲ್ಲಿ ಕೊನೆಯ ಮಾತು ಯಾರದ್ದು?

ಕ್ಯಾಥೊಲಿಕರಿಗೆ ಪೋಪ್ ಇದ್ದ ಹಾಗೆ ಯಹೂದಿಗಳಿಗೆ ಒಬ್ಬ ಧರ್ಮಗುರು ಇಲ್ಲ. ಆಯಾ ಊರಿನ ಸಮುದಾಯಕ್ಕೆ ಆಯಾ ಊರಿನ ರಬ್ಬಿಯ, ಅಂದರೆ ಯಹೂದಿ ಧರ್ಮಪಂಡಿತರ ಮಾತೇ ನಡೆಯುತ್ತಿತ್ತು. ಇವತ್ತು ನಾವು ಕೇಳುವ ಆರ್ಥೊಡಾಕ್ಸ್ (ಸಂಪ್ರದಾಯ ಬಿಡದವರು), ರಿಫಾರ್ಮ್ (ಸುಧಾರಣಾವಾದಿಗಳು), ಕನ್ಸರ್ವೇಟಿವ್ (ನಡುದಾರಿಯವರು) ಎಂಬ ಪಂಗಡಗಳು ರೂಪ ಪಡೆದದ್ದು ಕಳೆದ 200 ವರ್ಷಗಳಲ್ಲಿ. ಶುರುವಾದದ್ದು ದೇವರ ಬಗೆಗಿನ ಜಗಳದಿಂದಲ್ಲ, ಪ್ರಾರ್ಥನೆ ಹೇಗಿರಬೇಕು ಎಂಬ ತಕರಾರಿನಿಂದ.

1818ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಕೆಲವು ಯಹೂದಿಗಳು ಹೊಸದೊಂದು ಪ್ರಾರ್ಥನಾಮಂದಿರ ತೆರೆದರು. ಅಲ್ಲಿ ಚರ್ಚಿನಲ್ಲಿರುವಂತೆ ಆರ್ಗನ್ ವಾದ್ಯ ನುಡಿಸುತ್ತಿದ್ದರು. ಪ್ರವಚನ ಜರ್ಮನ್ ಭಾಷೆಯಲ್ಲಿ, ಕೆಲವು ಪ್ರಾರ್ಥನೆಗಳೂ ಅಷ್ಟೇ. ಊರಿನ ರಬ್ಬಿಗಳಿಗೆ ಸಿಟ್ಟು ಬಂತು. ಮರುವರ್ಷವೇ ಅವರು ಯುರೋಪಿನ ಬೇರೆ ಬೇರೆ ಊರುಗಳ ರಬ್ಬಿಗಳಿಂದ ಖಂಡನೆ ಬರೆಸಿ, ಅಚ್ಚು ಹಾಕಿಸಿ ಹಂಚಿದರು. 1845ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸುಧಾರಣಾವಾದಿ ರಬ್ಬಿಗಳ ಸಭೆ ನಡೆಯಿತು. ಪ್ರಾರ್ಥನೆಗೆ ಯಹೂದಿಗಳ ಧರ್ಮಭಾಷೆಯಾದ ಹೀಬ್ರೂ ಕಡ್ಡಾಯವಲ್ಲ ಎಂಬ ಮಾತು ಬಂದಾಗ ರಬ್ಬಿ ಜಕರಾಯಸ್ ಫ್ರಾಂಕೆಲ್ ಸಭೆಯಿಂದ ಹೊರನಡೆದರು. ಅವರಿಗೆ ಬದಲಾವಣೆ ಬೇಕಿತ್ತು, ಆದರೆ ಹಳೆಯದನ್ನೆಲ್ಲ ಬಿಟ್ಟಲ್ಲ. ಮುಂದೆ ಅಮೆರಿಕದಲ್ಲಿ ಕನ್ಸರ್ವೇಟಿವ್ ಎನಿಸಿಕೊಂಡ ನಡುದಾರಿಯ ಬೇರು ಇಲ್ಲಿದೆ.

ಜರ್ಮನಿಯಲ್ಲಿ ಒಂದು ಊರಿನ ಯಹೂದಿಗಳೆಲ್ಲ ಒಂದೇ ಸಮುದಾಯ ಸಂಸ್ಥೆಗೆ ಸೇರಿರಬೇಕು ಎಂಬ ಕಾನೂನಿತ್ತು. ಹಾಗಾಗಿ ಒಡೆದರೂ ಒಟ್ಟಿಗೇ ಇರಬೇಕಿತ್ತು. ಧರ್ಮದ ಕಾರಣಕ್ಕೆ ಹೊರಬರಲು ಜರ್ಮನಿಯ ದೊಡ್ಡ ರಾಜ್ಯವಾದ ಪ್ರಷ್ಯಾ ಅವಕಾಶ ಕೊಟ್ಟದ್ದು 1876ರಲ್ಲಿ. ಅಮೆರಿಕದಲ್ಲಿ ಅಂಥ ಕಟ್ಟುಪಾಡೇ ಇರಲಿಲ್ಲ. ಬೇಡವೆನಿಸಿದರೆ ಬೇರೆ ಸಂಸ್ಥೆ ಕಟ್ಟಿಕೊಂಡರಾಯಿತು!

ಕಟ್ಟಿಕೊಂಡರು ಕೂಡ. 1883ರಲ್ಲಿ ಸಿನ್ಸಿನಾಟಿಯ ರಿಫಾರ್ಮ್ ಕಾಲೇಜಿನ ಮೊದಲ ತಂಡದ ರಬ್ಬಿಗಳಿಗೆ ದೀಕ್ಷೆ ಕೊಟ್ಟು ಔತಣ ಏರ್ಪಡಿಸಿದ್ದರು. ಬಡಿಸಿದ್ದು ಏಡಿ, ಸೀಗಡಿ, ಕಪ್ಪೆ ಕಾಲು. ಯಹೂದಿ ಆಹಾರ ನಿಯಮದಲ್ಲಿ ಮೂರೂ ನಿಷಿದ್ಧ. ಸಾಲದ್ದಕ್ಕೆ ಮಾಂಸದೂಟದ ಮೇಲೆ ಐಸ್ ಕ್ರೀಮ್. ಮಾಂಸದ ಜೊತೆ ಹಾಲಿನ ಪದಾರ್ಥ ಸೇರಿಸುವುದೂ ನಿಷಿದ್ಧವೇ. ಕೆಲವು ರಬ್ಬಿಗಳು ಊಟ ಬಿಟ್ಟು ಎದ್ದು ಹೋದರು. ಮೊದಲೇ ಇದ್ದ ಬಿರುಕು ಇನ್ನಷ್ಟು ಅಗಲವಾಯಿತು. ಮೂರು ವರ್ಷದಲ್ಲಿ ಸಂಪ್ರದಾಯದ ಕಡೆಯವರು ನ್ಯೂಯಾರ್ಕಿನಲ್ಲಿ ರಬ್ಬಿಗಳನ್ನು ತಯಾರು ಮಾಡುವ ತಮ್ಮದೇ ಸೆಮಿನರಿ ಸ್ಥಾಪಿಸಿದರು.

ಈ ಕಥೆಯಲ್ಲಿ ನಮ್ಮ ಶಿವಮೊಗ್ಗವೂ ಇದೆ. ಅಲ್ಲಿ ಹುಟ್ಟಿದ ಡಾ. ಜೆರುಶಾ ಜಿರಾದ್ ಬೆನೆ ಇಸ್ರೇಲ್ ಸಮುದಾಯದವರು. ಕೊಂಕಣ ಕರಾವಳಿಯ ಹಳ್ಳಿಗಳಲ್ಲಿ ಎಣ್ಣೆ ತೆಗೆಯುತ್ತಿದ್ದ, ಯಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದ ಕಾರಣಕ್ಕೆ 'ಶನಿವಾರ ತೇಲಿ' ಎಂದು ಹೆಸರಾದ ಜನ ಅವರು. ವೈದ್ಯಕೀಯ ಓದಲು ಲಂಡನ್ನಿಗೆ ಹೋದ ಜಿರಾದ್ ರಿಫಾರ್ಮ್ ದಾರಿಯಲ್ಲೇ ಸಾಗಿದ್ದ ಅಲ್ಲಿನ ಉದಾರವಾದಿ ಯಹೂದಿಗಳ ವಿಚಾರಗಳಿಗೆ ಮನಸೋತರು. 1925ರಲ್ಲಿ ಮುಂಬೈಯಲ್ಲಿ ಜೂಯಿಷ್ ರಿಲಿಜಿಯಸ್ ಯೂನಿಯನ್ ಕಟ್ಟಿದರು. ಮರುವರ್ಷ ಲಂಡನ್ನಿನಲ್ಲಿ ಪ್ರಗತಿಪರ ಯಹೂದಿಗಳ ವಿಶ್ವ ಒಕ್ಕೂಟ ಹುಟ್ಟಿದಾಗ ಮುಂಬೈಯ ಈ ಪುಟ್ಟ ಸಂಸ್ಥೆಯೂ ಅದರ ಜೊತೆಗಿತ್ತು. ಹೆಂಗಸೊಬ್ಬರು ಧಾರ್ಮಿಕ ಸಂಸ್ಥೆ ಕಟ್ಟಿ ಮುನ್ನಡೆಸುವುದು ಆ ಕಾಲಕ್ಕೆ ಸಣ್ಣ ಮಾತಲ್ಲ, ಅಲ್ವಾ?

ಇಸ್ರೇಲ್ ಹುಟ್ಟಿದ ಮೇಲೆ ತಕರಾರಿನ ಸ್ವರೂಪವೇ ಬದಲಾಯಿತು. ಅಲ್ಲಿ ಯಹೂದಿಗಳ ಮದುವೆ, ವಿಚ್ಛೇದನದ ಅಧಿಕಾರ ಆರ್ಥೊಡಾಕ್ಸ್ ಮುಖ್ಯ ರಬ್ಬಿಗಳ ಮಂಡಳಿಯ ಕೈಯಲ್ಲಿದೆ. ಊರಿನ ಸಿನಗಾಗ್ (ಪ್ರಾರ್ಥನಾಮಂದಿರ) ಬದಲಿಸಿದಷ್ಟು ಸುಲಭವಾಗಿ ಇದನ್ನು ಬದಲಿಸಲು ಬರುವುದಿಲ್ಲ. ಇದರ ಬಿಸಿ ತಟ್ಟಿದ್ದು ಬೆನೆ ಇಸ್ರೇಲರಿಗೆ. 1960ರ ದಶಕದ ಆರಂಭದಲ್ಲಿ, ಅವರು ಬೇರೆ ಯಹೂದಿಗಳನ್ನು ಮದುವೆಯಾಗಬೇಕಾದರೆ ಹಿಂದಿನ ತಲೆಮಾರುಗಳನ್ನೆಲ್ಲ ವಿಚಾರಿಸಬೇಕು ಎಂದು ಮಂಡಳಿ ಸೂಚಿಸಿತು. ಶತಮಾನಗಳ ಕಾಲ ಯಾರ ಒತ್ತಾಯವೂ ಇಲ್ಲದೆ ಶನಿವಾರ ಗಾಣ ನಿಲ್ಲಿಸಿದವರಿಗೆ ಇಂಥ ಪರೀಕ್ಷೆ! ಇದು ಶುದ್ಧ ಅನ್ಯಾಯ. ಅವರು ಬೀದಿಗಿಳಿದು ಪ್ರತಿಭಟಿಸಿದರು. 1964ರಲ್ಲಿ ಅಲ್ಲಿನ ಸಂಸತ್ತು, ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂದು ಹೇಳಿತು. ಆಮೇಲೆ ಮಂಡಳಿಯೂ ಬಗ್ಗಿತು.

ರಿಫಾರ್ಮ್, ಕನ್ಸರ್ವೇಟಿವ್ ಪಂಗಡಗಳ ಹೋರಾಟ ಇನ್ನೂ ನಡೆಯುತ್ತಿದೆ. 2021ರ ಮಾರ್ಚ್‌ನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್, ಈ ಪಂಗಡಗಳ ಮೂಲಕ ಇಸ್ರೇಲಿನಲ್ಲೇ ಮತಾಂತರವಾದವರಿಗೂ ಪೌರತ್ವದ ಹಕ್ಕಿದೆ ಎಂದಿತು. ಆದರೆ ಆ ತೀರ್ಪು ಪೌರತ್ವಕ್ಕಷ್ಟೇ. ಹೀಗೆ ಪೌರರಾದವರು ಮದುವೆ ನೋಂದಾಯಿಸಲು ಹೋದರೆ, ಮುಖ್ಯ ರಬ್ಬಿಗಳ ಮಂಡಳಿ ಅವರನ್ನು ಯಹೂದಿಗಳೆಂದು ಒಪ್ಪುವುದಿಲ್ಲ.