ಪ್ರಾರ್ಥನೆಗೆ ಕುಳಿತರೆ ಮನಸ್ಸು ನಿಲ್ಲುವುದಿಲ್ಲ. ದೇವರಿಗೆ ಹತ್ತಿರವಾಗುವುದು ಹೇಗೆ?

ಪ್ರಶ್ನೆ: ನಾನು ಪ್ರತಿ ಭಾನುವಾರ ತಪ್ಪದೆ ಆರಾಧನೆಗೆ ಹೋಗುತ್ತೇನೆ. ಉಳಿದ ಆರು ದಿನಗಳು ಕೆಲಸ, ಮನೆ, ಮಕ್ಕಳ ಚಿಂತೆಯಲ್ಲೇ ಕಳೆದುಹೋಗುತ್ತವೆ. ಪ್ರಾರ್ಥನೆಗೆ ಕುಳಿತರೆ ಐದು ನಿಮಿಷವೂ ಮನಸ್ಸು ಒಂದೆಡೆ ನಿಲ್ಲುವುದಿಲ್ಲ. ದೇವರು ನನ್ನಿಂದ ದೂರವಾಗಿದ್ದಾನೆ ಎಂದೇ ಅನಿಸುತ್ತದೆ. ದಿನನಿತ್ಯದ ಬದುಕಿನಲ್ಲಿ ಆತನಿಗೆ ಹತ್ತಿರವಾಗುವುದು ಹೇಗೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿವೆ. ಮನಸ್ಸು ಅಲೆಯುತ್ತದೆ ಎಂಬುದು ಒಂದು. ಅದರಿಂದಾಗಿ ದೇವರು ದೂರವಾಗಿದ್ದಾನೆ ಎಂದು ನೀವು ಮಾಡಿಕೊಂಡ ತೀರ್ಮಾನ ಇನ್ನೊಂದು. ಮೊದಲನೆಯದು ನಿಜವಿರಬಹುದು, ಎರಡನೆಯದು ಅದರಿಂದ ಹುಟ್ಟಬೇಕಾಗಿಲ್ಲ. ಅಥೇನೆಯಲ್ಲಿ ಅಪೊಸ್ತಲನಾದ ಪೌಲನು ಮಾತನಾಡಿದಾಗ ಅವನ ಮುಂದೆ ನಿಂತಿದ್ದವರು ವಿಶ್ವಾಸಿಗಳಲ್ಲ; ದೇವರ ಹೆಸರನ್ನೂ ಸರಿಯಾಗಿ ಅರಿಯದೆ, ‘ತಿಳಿಯದ ದೇವರಿಗೆ’ ಎಂದು ಬರೆದ ಬಲಿಪೀಠವನ್ನು ಕಟ್ಟಿಕೊಂಡಿದ್ದವರು. ಅಂಥವರಿಗೂ ಅವನು, ದೇವರು ನಮ್ಮಲ್ಲಿ ಒಬ್ಬನಿಗೂ ದೂರವಾದವನಲ್ಲ ಎಂದೇ ಹೇಳಿದನು. ಅವರಿಗೆ ಸಲ್ಲುವ ಮಾತು ನಿಮಗೂ ಸಲ್ಲುತ್ತದೆ.

ಹಾಗಾದರೆ ‘ಹತ್ತಿರವಾಗುವುದು’ ಎಂದರೇನು? ‘ದೇವರ ಸಮೀಪಕ್ಕೆ ಬನ್ನಿರಿ, ಆಗ ಆತನು ನಿಮ್ಮ ಸಮೀಪಕ್ಕೆ ಬರುವನು’ ಎಂಬ, ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯ ಮಾತು ನಿಮಗೆ ಬಾಯಿಪಾಠವಾಗಿರಬಹುದು. ಅದು ನಾಲ್ಕನೆಯ ಅಧ್ಯಾಯದ ಎಂಟನೆಯ ವಚನ. ಒಮ್ಮೆ ಆ ಅಧ್ಯಾಯವನ್ನು ಮೊದಲಿನಿಂದ ಓದಿ ನೋಡಿ. ಅದು ಆರಂಭವಾಗುವುದು ಪ್ರಾರ್ಥನೆಯ ವಿಧಾನದಿಂದಲ್ಲ, ಜಗಳದಿಂದ: ನಿಮ್ಮೊಳಗಿನ ಕಲಹಗಳು ಎಲ್ಲಿಂದ ಬಂದವು ಎಂದು ಯಾಕೋಬನು ಕೇಳುತ್ತಾನೆ. ಸಮೀಪಕ್ಕೆ ಬನ್ನಿರಿ ಎಂದ ಅದೇ ವಚನದಲ್ಲಿ ಕೈಗಳನ್ನು ಶುಚಿಮಾಡಿಕೊಳ್ಳಿರಿ ಎನ್ನುತ್ತಾನೆ. ಮೂರು ವಚನಗಳಾಚೆ, ಒಬ್ಬರನ್ನೊಬ್ಬರು ನಿಂದಿಸಬೇಡಿರಿ ಎನ್ನುತ್ತಾನೆ. ಹಳೆಯ ಒಡಂಬಡಿಕೆಯ ಯಾಜಕರು ಯಜ್ಞವೇದಿಯ ಸಮೀಪಕ್ಕೆ ಹೋಗುವ ಮುನ್ನ ತಾಮ್ರದ ತೊಟ್ಟಿಯ ನೀರಿನಲ್ಲಿ ಕೈಕಾಲು ತೊಳೆದುಕೊಳ್ಳಬೇಕೆಂಬ ವಿಧಿ ವಿಮೋಚನಕಾಂಡದಲ್ಲಿದೆ. ಯಾಕೋಬನು ಈ ಮಾತನ್ನು ಬರೆಯುವಾಗ ಆ ಚಿತ್ರ ಅವನ ಕಣ್ಣ ಮುಂದೆ ಇದ್ದಿರಬೇಕು ಎಂದು ನನಗೆ ತೋರುತ್ತದೆ. ಆದರೆ ಅವನು ಕೇಳುವ ಶುದ್ಧಿ ನೀರಿನಿಂದ ಆಗುವಂಥದ್ದಲ್ಲ. ನಾಲಿಗೆಯಿಂದ, ಹೊಟ್ಟೆಕಿಚ್ಚಿನಿಂದ, ಇಬ್ಬಗೆಯ ಮನಸ್ಸಿನಿಂದ ಇನ್ನೊಬ್ಬರಿಗೆ ಮಾಡಿದ ನೋವನ್ನು ಸರಿಪಡಿಸಿಕೊಳ್ಳುವುದೇ ಅವನ ದೃಷ್ಟಿಯಲ್ಲಿ ಕೈ ತೊಳೆಯುವುದು.

ಇದನ್ನು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವಿದೆ. ದೇವರು ದೂರವೆನಿಸಿದ ಕೂಡಲೇ ನಾವು ಪ್ರಾರ್ಥನೆಯ ಸಮಯವನ್ನು ಹೆಚ್ಚಿಸಲು ಹೊರಡುತ್ತೇವೆ. ಮಾತು ಬಿಟ್ಟು ವರ್ಷವಾದ ಅಣ್ಣನೋ ನೆರೆಯವರೋ ನಮ್ಮ ನೆನಪಿಗೆ ಬರುವುದಿಲ್ಲ. ಬಂದರೂ, ಅದನ್ನು ಪ್ರಾರ್ಥನೆಗೆ ಅಡ್ಡಿ ಎಂದು ತಿಳಿದು ಬದಿಗೆ ತಳ್ಳುತ್ತೇವೆ. ಬಲಿಪೀಠದ ಮುಂದೆ ನಿಂತಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ಒಂದಾಗು ಎಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿದೆ. ಆದ್ದರಿಂದ ಪ್ರಾರ್ಥನೆಯಲ್ಲಿ ಪದೇಪದೇ ನುಗ್ಗಿ ಬರುವ ಆಲೋಚನೆಗಳಲ್ಲಿ ಕೆಲವು ಅಡ್ಡಿಗಳೇ ಅಲ್ಲದಿರಬಹುದು. ಒಬ್ಬರ ಮುಖವೇ ಮತ್ತೆ ಮತ್ತೆ ಎದುರಾಗುತ್ತಿದ್ದರೆ ಅವರಿಗಾಗಿ ಪ್ರಾರ್ಥಿಸಿ, ಸಾಧ್ಯವಿದ್ದರೆ ಎದ್ದು ಹೋಗಿ ಮಾತನಾಡಿ. (ಹಿಂಸೆಗೆ ಒಳಗಾದವರಿಗೆ ಈ ಮಾತನ್ನು ನಾನು ಹೇಳುತ್ತಿಲ್ಲ, ಅವರು ಮೊದಲು ಸುರಕ್ಷಿತವಾಗಿರಬೇಕು.)

ಉಳಿದ ಅಲೆದಾಟ ಸಾಮಾನ್ಯವಾದದ್ದು: ನಾಳೆಯ ಕೆಲಸ, ಕಟ್ಟಬೇಕಾದ ಹಣ, ಮಗುವಿನ ಜ್ವರ. ಇವುಗಳನ್ನು ಓಡಿಸಲು ಹೆಣಗಬೇಡಿ. ಮನಸ್ಸು ಹೊರಟುಹೋಗಿದೆ ಎಂದು ಗೊತ್ತಾದಾಗ, ನಿಮ್ಮನ್ನು ನೀವು ಬೈದುಕೊಳ್ಳದೆ, ಆ ಚಿಂತೆಯನ್ನೇ ಒಂದು ವಾಕ್ಯದ ಬಿನ್ನಹವಾಗಿಸಿ ಮರಳಿ ಬನ್ನಿ. ಹತ್ತು ಸಾರಿ ಹೋದರೆ ಹತ್ತು ಸಾರಿ ಮರಳಿ ಬಂದಿರಿ. ಆ ಹತ್ತೂ ಪ್ರಾರ್ಥನೆಯೇ.

ದಿನದ ನಡುವೆ ಪ್ರಾರ್ಥಿಸುವುದಕ್ಕೆ ನೆಹೆಮೀಯನಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅವನು ಯಾಜಕನಲ್ಲ, ಪ್ರವಾದಿಯಲ್ಲ. ಪಾರಸಿಯ ರಾಜನಾದ ಅರ್ತಷಸ್ತನಿಗೆ ದ್ರಾಕ್ಷಾರಸ ಕೊಡುವ ಸೇವಕ. ನಿನಗೇನು ಬೇಕು ಎಂದು ರಾಜನು ಕೇಳಿದ ಪ್ರಶ್ನೆಗೂ ಇವನು ಕೊಟ್ಟ ಉತ್ತರಕ್ಕೂ ನಡುವೆ, ತಾನು ಪರಲೋಕದ ದೇವರನ್ನು ಪ್ರಾರ್ಥಿಸಿದೆನೆಂದು ಅವನೇ ಬರೆದಿದ್ದಾನೆ. ಕಣ್ಣು ಮುಚ್ಚಲು, ಮೊಣಕಾಲೂರಲು ಅಲ್ಲಿ ಅವಕಾಶವಿರಲಿಲ್ಲ. ಆದರೆ ಇದರ ಹಿಂದೆ ಇನ್ನೊಂದು ಮಾತಿದೆ: ಕಿಸ್ಲೇವ್ ತಿಂಗಳಿನಲ್ಲಿ ಯೆರೂಸಲೇಮಿನ ದುರವಸ್ಥೆಯ ಸುದ್ದಿ ಕೇಳಿ ಉಪವಾಸವಿದ್ದು ಪ್ರಾರ್ಥಿಸತೊಡಗಿದವನಿಗೆ ಈ ಕ್ಷಣ ಒದಗಿದ್ದು ನೀಸಾನ್ ತಿಂಗಳಿನಲ್ಲಿ, ಅಂದರೆ ಸುಮಾರು ನಾಲ್ಕು ತಿಂಗಳ ನಂತರ. ಆ ಒಂದು ಕ್ಷಣದ ಪ್ರಾರ್ಥನೆಗೆ ಬೇರು ಆ ನಾಲ್ಕು ತಿಂಗಳುಗಳಲ್ಲಿತ್ತು. ಹೀಗಾಗಿ, ‘ಕೆಲಸದ ನಡುವೆ ಆಗಾಗ ದೇವರನ್ನು ನೆನೆದರೆ ಸಾಕು, ಬೇರೆ ಸಮಯ ಬೇಕಿಲ್ಲ’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹತ್ತೇ ನಿಮಿಷವಾದರೂ ಸರಿ, ದಿನದಲ್ಲಿ ಒಂದು ಹೊತ್ತು ಆತನಿಗೆಂದೇ ಮೀಸಲಾಗಿರಲಿ. ಆ ಹೊತ್ತಿನಲ್ಲಿ ಸುವಾರ್ತೆಯ ಒಂದು ಸಣ್ಣ ಭಾಗವನ್ನು ನಿಧಾನವಾಗಿ ಓದಿ, ಅದರಲ್ಲಿ ಮನಸ್ಸಿಗೆ ತಾಗಿದ ಒಂದು ಮಾತನ್ನು ದಿನವಿಡೀ ಜೊತೆಗಿಟ್ಟುಕೊಳ್ಳಿ. ಕೆಲಸದ ನಡುವೆ ಮರಳಿ ಬರಲು ಅದೇ ದಾರಿಯಾಗುತ್ತದೆ.

17ನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಸಭೆಯ ಮಠವೊಂದರಲ್ಲಿ ಲಾರೆನ್ಸ್ ಎಂಬ ಸಹೋದರನಿದ್ದನು. ಅಡುಗೆಮನೆಯ ಕೆಲಸ ಅವನ ಸ್ವಭಾವಕ್ಕೆ ಒಗ್ಗದಿದ್ದರೂ ವರ್ಷಗಟ್ಟಲೆ ಅಲ್ಲಿಯೇ ದುಡಿದು, ಪಾತ್ರೆಗಳ ಸದ್ದಿನ ನಡುವೆಯೂ ದೇವರೊಂದಿಗೆ ಮಾತನಾಡುವುದನ್ನು ಕಲಿತನು. ಅವನ ಸಮಾಧಾನವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಮೊದಲ ಹತ್ತು ವರ್ಷ ತಾನು ಒಳಗೊಳಗೇ ಬಹಳ ಸಂಕಟಪಟ್ಟೆನೆಂದು ಅವನೇ ಪತ್ರವೊಂದರಲ್ಲಿ ತಿಳಿಸಿದ್ದಾನೆ. ಒಂದು ತಿಂಗಳು ಪ್ರಯತ್ನಿಸಿ ಕೈಬಿಡುವ ಹಂತದಲ್ಲಿರುವವರು ಆ ಹತ್ತು ವರ್ಷಗಳನ್ನು ನೆನಪಿನಲ್ಲಿಡಬೇಕು.

ಕೆಲವೊಮ್ಮೆ ದೂರವೆನಿಸುವುದಕ್ಕೆ ಕಾರಣ ಬರೀ ದಣಿವಾಗಿರುತ್ತದೆ. ರಾಣಿಯಾದ ಈಜೆಬೆಲಳಿಗೆ ಹೆದರಿ ಮರುಭೂಮಿಗೆ ಓಡಿದ ಪ್ರವಾದಿ ಎಲೀಯನು ಒಂದು ಗಿಡದ ಕೆಳಗೆ ಮಲಗಿ, ಸಾಕು, ನನ್ನ ಪ್ರಾಣವನ್ನು ತೆಗೆದುಬಿಡು ಎಂದು ಬೇಡಿಕೊಂಡನು. ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ; ಎದ್ದು ಊಟಮಾಡು ಎಂದನು, ಅವನು ತಿಂದು ಮತ್ತೆ ಮಲಗಿದಾಗ ಎರಡನೆಯ ಸಾರಿಯೂ ಎಬ್ಬಿಸಿ ಅದನ್ನೇ ಹೇಳಿದನು. ಹೋರೇಬ್ ಬೆಟ್ಟದಲ್ಲಿ ದೇವರ ಮೃದು ಸ್ವರ ಅವನಿಗೆ ಕೇಳಿಸಿದ್ದು ಇದೆಲ್ಲ ಆದ ಬಳಿಕ. ನಿದ್ದೆಗೆಟ್ಟು ದುಡಿಯುವ ತಾಯಿಯೊಬ್ಬಳು ಪ್ರಾರ್ಥನೆಯಲ್ಲಿ ತೂಕಡಿಸಿದರೆ ಆಕೆಗೆ ಬೇಕಾಗಿರುವುದು ವಿಶ್ರಾಂತಿ, ಗದರಿಕೆಯಲ್ಲ. ದಣಿವು ವಾರಗಟ್ಟಲೆ ಉಳಿದು, ಬದುಕೇ ಬೇಡವೆನಿಸುತ್ತಿದ್ದರೆ ತಡಮಾಡದೆ ನಂಬಿಕೆಯವರೊಬ್ಬರಿಗೂ ವೈದ್ಯರಿಗೂ ತಿಳಿಸಬೇಕು. ಹಾಗೆ ಕೇಳುವ ಸಹಾಯ ವಿಶ್ವಾಸದ ಕೊರತೆಯ ಗುರುತಲ್ಲ.

ವಿಶ್ರಾಂತಿಯಾದ ಮೇಲೂ, ಮುರಿದ ಸಂಬಂಧಗಳನ್ನು ಸರಿಪಡಿಸಿಕೊಂಡ ಮೇಲೂ ಮೌನವೇ ಎದುರಾದರೆ ಆ ಮೌನವನ್ನು ದೇವರಿಗೇ ಹೇಳಿ. 13ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಅದರಲ್ಲಿ ಆರೇ ವಚನಗಳಿವೆ. ಮೊದಲ ಎರಡರಲ್ಲೇ ಕೀರ್ತನೆಗಾರನು ನಾಲ್ಕು ಸಾರಿ ‘ಇನ್ನೆಷ್ಟು ಕಾಲ’ ಎಂದು ಕೇಳುತ್ತಾನೆ, ನನ್ನನ್ನು ಮರೆತುಬಿಟ್ಟೆಯಾ ಎಂದು ದೇವರ ಮುಖಕ್ಕೇ ಕೇಳುತ್ತಾನೆ. ನೀವು ನನ್ನನ್ನು ಕೇಳಿದ ಪ್ರಶ್ನೆಯನ್ನು ಅವನು ನೇರವಾಗಿ ದೇವರನ್ನೇ ಕೇಳಿದನು. ಇಂದು ರಾತ್ರಿ ನೀವೂ ಹಾಗೆಯೇ ಕೇಳಬಹುದು.